ಮೊದಲು ನಿದ್ದೆಯ ಲೆಕ್ಕ ಹಾಕಿ
ಟೂರ್ ಡಿವೈಡ್ ಸೈಕಲ್ ರೇಸ್‌ಗೆ ಹೊರಟಿರುವ ನೀವು ಕಾಲಿನ ಬಲದ ಬಗ್ಗೆಯೇ ಕೇಳಿದ್ದೀರಿ. ನನಗೆ ಚಿಂತೆ ನಿಮ್ಮ ನಿದ್ದೆಯದು. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯವರೆಗಿನ ಸುಮಾರು 4,400 ಕಿ.ಮೀ. ಹಾದಿಯಲ್ಲಿ ಗಡಿಯಾರ ನಿಲ್ಲುವುದೇ ಇಲ್ಲ. ಹಾಗಾಗಿ ಮಲಗಿದ ಪ್ರತಿ ಗಂಟೆಯೂ ನಷ್ಟವೆಂದೇ ತೋರುತ್ತದೆ. ಆದರೆ 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇದ್ದವರಷ್ಟೇ ಕುಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ವಾಹನ ಚಾಲಕರಿಗಿರುವ ಮಿತಿಯೇ ಶೇ 0.03. ಆ ಸ್ಥಿತಿಯಲ್ಲಿ ಕತ್ತಲಲ್ಲಿ ಜಲ್ಲಿ ಇಳಿಜಾರಿಗೆ ಇಳಿಯುವುದು ದಯವಿಟ್ಟು ಬೇಡ.

ಕಡಿಮೆ ಮಲಗಿದವರೇ ಗೆಲ್ಲುತ್ತಾರಲ್ಲ ಎಂದು ನೀವು ಕೇಳಬಹುದು. ಮುಂಚೂಣಿಯವರು ಕಡಿಮೆ ಮಲಗುವುದು ನಿಜ, ಆದರೆ ನಿದ್ದೆಯನ್ನೇ ಬಿಡುವುದಿಲ್ಲ. 2019ರಲ್ಲಿ ಯುರೋಪಿನ ಟ್ರಾನ್ಸ್‌ಕಾಂಟಿನೆಂಟಲ್ ರೇಸ್‌ನಲ್ಲಿ ಪುರುಷರನ್ನೂ ಹಿಂದಿಕ್ಕಿ ಗೆದ್ದ ಫಿಯೋನಾ ಕೋಲ್ಬಿಂಗರ್, ಸುಮಾರು 4,000 ಕಿ.ಮೀ.ಯನ್ನು ಹತ್ತು ದಿನ ಚಿಲ್ಲರೆಯಲ್ಲಿ ಮುಗಿಸಿದ್ದು ರಾತ್ರಿಗೆ ಸುಮಾರು ನಾಲ್ಕು ಗಂಟೆ ಮಲಗಿಯೇ. ನಿದ್ದೆಗೆಟ್ಟ ತಲೆ ದಾರಿ ತಪ್ಪುತ್ತದೆ, ಊಟ ಮರೆಯುತ್ತದೆ. ಹ್ಯಾಂಡಲ್ ಅಂಗೈಯ ನರವನ್ನು ಒತ್ತಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೂ ಕೈಯ ಹಿಡಿತ ಬದಲಿಸಲು ಹೊಳೆಯುವುದಿಲ್ಲ. ಆ ನರದ ನೋವು ಮಾಯಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮೊದಲ ರೇಸ್ ಆದ್ದರಿಂದ ದಿನಕ್ಕೆ ಐದು ಗಂಟೆ ನಿದ್ದೆ ಗೊತ್ತುಮಾಡಿಕೊಂಡು, ದಿನದ ದೂರವನ್ನು ಅದಕ್ಕೆ ಹೊಂದಿಸಿ. ನಡುವೆ ತೂಕಡಿಕೆ ಬಂದರೆ ಸೈಕಲ್ ಪಕ್ಕಕ್ಕಿಟ್ಟು ಇಪ್ಪತ್ತು ನಿಮಿಷ ಮಲಗಿ.