ತೆಳುವಾದದ್ದು ಮೆತ್ತಗಾಯಿತೇ? – ತಾಮ್ರದ ಪಟ್ಟಿಯೊಂದಿಗೆ ಎರಡು ಪಾಠಗಳು

ಎಂಟನೆಯ ತರಗತಿಗೆ 'ಲೋಹಗಳ ಭೌತ ಗುಣಗಳು' ನನ್ನ ಅಭ್ಯಾಸ ಬೋಧನೆಯ ಪಾಠವಾಗಿತ್ತು. ಕುಟ್ಯತೆ ಮತ್ತು ತನ್ಯತೆಯ ವ್ಯಾಖ್ಯೆ ಹೇಳಿ ಮುಗಿಸುವ ಬದಲು ಒಂದು ಹೆಜ್ಜೆ ಮುಂದೆ ಹೋಗೋಣವೆಂದು, ಲೋಹವನ್ನು ಕಾಯಿಸದೆಯೇ ರೋಲರುಗಳ ನಡುವೆ ಒತ್ತಿದರೆ, ಅಂದರೆ ಕೋಲ್ಡ್ ರೋಲಿಂಗ್ ಮಾಡಿದರೆ, ದಪ್ಪ ಕಡಿಮೆಯಾಗುತ್ತದೆ, ಗಡಸುತನ ಹೆಚ್ಚುತ್ತದೆ ಎಂಬುದನ್ನು ಪಾಠ ಯೋಜನೆಯಲ್ಲಿ ಸೇರಿಸಿದೆ. ಆ ಪಾಠ ಸೋತದ್ದು ಹೇಗೆ, ಮರುಪಾಠವನ್ನು ಹೇಗೆ ಕಟ್ಟಿದೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ

2 ಮಿ.ಮೀ. ದಪ್ಪದ ಒಂದು ತಾಮ್ರದ ಪಟ್ಟಿ ಮತ್ತು ಅದನ್ನೇ ರೋಲ್ ಮಾಡಿ 1 ಮಿ.ಮೀ.ಗೆ ಇಳಿಸಿದ ಇನ್ನೊಂದು ಪಟ್ಟಿಯನ್ನು ತರಗತಿಗೆ ಒಯ್ದಿದ್ದೆ. "ರೋಲ್ ಮಾಡಿದ ಪಟ್ಟಿ ಹೆಚ್ಚು ಗಡಸು" ಎಂದು ಹೇಳಿ ಎರಡನ್ನೂ ಮೊದಲ ಸಾಲಿನ ಹುಡುಗನ ಕೈಗೆ ಕೊಟ್ಟೆ. ಅವನು ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದ. ತೆಳುವಾದದ್ದು ಬಳುಕಿತು, ದಪ್ಪನೆಯದು ಅಲುಗಲಿಲ್ಲ. "ಮಿಸ್, ಇದೇ ಮೆತ್ತಗಿದೆಯಲ್ಲ?" ಎಂದ. ತರಗತಿ ಅವನ ಪರವಾಯಿತು. ನಾನು ಕಪ್ಪುಹಲಗೆಯ ವಾಕ್ಯವನ್ನೇ ಮತ್ತೆ ಓದಿದೆ. ವೀಕ್ಷಕರು ಹಿಮ್ಮಾಹಿತಿಯಲ್ಲಿ ಬರೆದದ್ದು ಒಂದೇ ಮಾತು: ಹುಡುಗ ನೋಡಿ ಹೇಳಿದ, ನೀವು ನೋಡದೆ ಹೇಳಿದಿರಿ.

ತಪ್ಪು ಎಲ್ಲಿತ್ತು?

ಹುಡುಗನ ವೀಕ್ಷಣೆ ಸರಿಯಾಗಿಯೇ ಇತ್ತು. ಅಗಲ, ಉದ್ದ ಒಂದೇ ಇದ್ದಾಗ ಪಟ್ಟಿ ಬಳುಕದೆ ನಿಲ್ಲುವ ಬಿಗಿತವು ದಪ್ಪದ ಘನವನ್ನು ಅನುಸರಿಸುತ್ತದೆ. ದಪ್ಪ ಅರ್ಧವಾದರೆ ಬಿಗಿತ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಅವನ ಬೆರಳಿಗೆ ತಿಳಿದದ್ದು ದಪ್ಪದ ವ್ಯತ್ಯಾಸ, ಗಡಸುತನದ್ದಲ್ಲ. ರೋಲಿಂಗ್ ಏಕಕಾಲಕ್ಕೆ ಎರಡನ್ನೂ ಬದಲಿಸುತ್ತದೆ. ನಾನು ಎರಡು ಚರಗಳನ್ನು ಬೆರೆಸಿ ಒಂದರ ಬಗ್ಗೆ ತೀರ್ಮಾನ ಕೊಟ್ಟಿದ್ದೆ.

ಅಕ್ಕಸಾಲಿಗರ ಅಂಗಡಿಯಲ್ಲಿ

ಮರುಪಾಠದ ಸಿದ್ಧತೆಗಾಗಿ ಕೃಷ್ಣಮೂರ್ತಿಪುರಂನ ನಮ್ಮ ಕಾಲೇಜಿನಿಂದ ಸಂಜೆ ಅಕ್ಕಸಾಲಿಗರೊಬ್ಬರ ಕಾರ್ಯಾಗಾರಕ್ಕೆ ಹೋದೆ. ಅವರಲ್ಲಿ ಕೈಯಿಂದ ತಿರುಗಿಸುವ ರೋಲರ್ ಯಂತ್ರವಿತ್ತು. ಪಟ್ಟಿಯನ್ನು ಒಮ್ಮೆಲೇ ಅರ್ಧಕ್ಕೆ ಇಳಿಸದೆ, ಪ್ರತಿ ಸಲವೂ ಸಂದನ್ನು ಸ್ವಲ್ಪ ಸ್ವಲ್ಪ ಬಿಗಿಮಾಡುತ್ತ ಹಲವು ಬಾರಿ ಹಾಯಿಸಿದರು. ಹಿಡಿ ತಿರುಗಿಸುವುದು ಬರಬರುತ್ತ ಕಷ್ಟವಾಗುವುದನ್ನು ನಾನೇ ತಿರುಗಿಸಿ ನೋಡಿದೆ. "ನೋಡಮ್ಮ, ಇನ್ನೂ ಎಳೀಬೇಕು ಅಂದ್ರೆ ಒಂದ್ಸಲ ಕಾಯಿಸಲೇಬೇಕು. ಇಲ್ದಿದ್ರೆ ಅಂಚು ಸೀಳುತ್ತೆ" ಎಂದರು. ನನ್ನ ಪಾಠ ಯೋಜನೆಯಲ್ಲಿ ಇಲ್ಲದಿದ್ದ ಹೆಜ್ಜೆ ಇದೇ.

ಎರಡನೆಯ ಪಾಠ

ಒಂದೇ ತಾಮ್ರದಿಂದ ಕತ್ತರಿಸಿದ ಎರಡು ಪಟ್ಟಿಗಳನ್ನು 2 ಮಿ.ಮೀ.ನಿಂದ 1 ಮಿ.ಮೀ.ಗೆ ಇಳಿಸಲಾಯಿತು. 'ಅ' ಪಟ್ಟಿಯನ್ನು ಹಾಗೆಯೇ ಇಟ್ಟು, 'ಆ' ಪಟ್ಟಿಯನ್ನು ಮಂದ ಕೆಂಪಾಗುವಷ್ಟು ಕಾಯಿಸಿ ನೀರಿಗೆ ಹಾಕಿದೆವು. ಇಂಗಾಲವಿರುವ ಉಕ್ಕಿನಂತೆ ತಾಮ್ರವು ನೀರಿಗೆ ಹಾಕಿದಾಗ ಗಡಸಾಗುವುದಿಲ್ಲ. ಕಾಯಿಸಿದಾಗ ಕಟ್ಟಿದ ಕಪ್ಪು ಆಕ್ಸೈಡನ್ನು ಹುಣಸೆಹಣ್ಣಿನಿಂದ ಉಜ್ಜಿ ತೆಗೆದೆವು. ಈಗ ಎರಡೂ ಒಂದೇ ಲೋಹ, ಒಂದೇ ದಪ್ಪ.

ಚಟುವಟಿಕೆ 1 (ದಪ್ಪ): ರೋಲ್ ಮಾಡುವ ಮೊದಲು ಪಟ್ಟಿ 40 ಮಿ.ಮೀ. ಉದ್ದ, 10 ಮಿ.ಮೀ. ಅಗಲ, 2 ಮಿ.ಮೀ. ದಪ್ಪವಿತ್ತು, ಘನಗಾತ್ರ 800 ಘನ ಮಿ.ಮೀ. ನಂತರ ಉದ್ದ 76, ಅಗಲ 10.5, ದಪ್ಪ 1 ಮಿ.ಮೀ.; ಘನಗಾತ್ರ 798. ಲೋಹ ಎಲ್ಲಿಗೂ ಹೋಗಿಲ್ಲ, ದಪ್ಪ ಕಳೆದುಕೊಂಡದ್ದು ಬಹುಪಾಲು ಉದ್ದಕ್ಕೆ ಸೇರಿದೆ ಎಂಬುದನ್ನು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಂಡರು.

ಚಟುವಟಿಕೆ 2 (ಬಾಗಿಸುವುದು): ಪ್ರತಿ ಪಟ್ಟಿಯೂ ಮೇಜಿನ ಅಂಚಿನಿಂದ 6 ಸೆಂ.ಮೀ. ಹೊರಚಾಚುವಂತೆ ಬಿಗಿದು, ತುದಿಗೆ ಅರ್ಧ ಕಿಲೋ ತೂಕ ನೇತುಹಾಕಿದೆವು. 'ಆ' ಬಾಗಿ ಹಾಗೆಯೇ ಉಳಿಯಿತು. 'ಅ' ಸ್ವಲ್ಪ ಬಗ್ಗಿ, ತೂಕ ತೆಗೆದೊಡನೆ ನೆಟ್ಟಗಾಯಿತು.

ಚಟುವಟಿಕೆ 3 (ಗಡಸುತನ): ಗಡಸುತನವೆಂದರೆ ಮೇಲ್ಮೈಯಲ್ಲಿ ಗುಳಿ ಬೀಳುವುದಕ್ಕೆ ಲೋಹ ಒಡ್ಡುವ ತಡೆ. ಪಟ್ಟಿಗಳನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಪಿವಿಸಿ ಕೊಳವೆಯ ಮೂಲಕ ಒಂದೇ ಎತ್ತರದಿಂದ ಸೆಂಟರ್ ಪಂಚ್ ಬೀಳಿಸಿದೆವು. ಮಸೂರದಲ್ಲಿ ನೋಡಿದಾಗ 'ಆ' ಮೇಲಿನ ಗುಳಿ ಅಗಲವಾಗಿತ್ತು. ಪ್ರಯೋಗಾಲಯದ ವಿಕರ್ಸ್ ಪರೀಕ್ಷೆಯ ತತ್ವವೂ ಇದೇ: ಗೊತ್ತಾದ ಬಲದಿಂದ ವಜ್ರದ ಮೊನೆ ಒತ್ತಿ ಗುಳಿಯನ್ನು ಅಳೆಯುವುದು. ಕಾಯಿಸಿದ ತಾಮ್ರದ ವಿಕರ್ಸ್ ಮೌಲ್ಯ ಸುಮಾರು 50. ಚೆನ್ನಾಗಿ ರೋಲ್ ಆದ ತಾಮ್ರದ್ದು 100ರ ಆಸುಪಾಸು.

ವಿವರಣೆ

ಲೋಹದ ಹರಳುಗಳಲ್ಲಿ ಪರಮಾಣುಗಳ ಸಾಲು ಅಲ್ಲಲ್ಲಿ ತಪ್ಪಿರುತ್ತದೆ. ಈ ದೋಷಗಳು ಸರಿದಾಡುವುದರಿಂದಲೇ ಲೋಹ ಒಡೆಯದೆ ಆಕಾರ ಬದಲಿಸುತ್ತದೆ. ರೋಲ್ ಮಾಡಿದಷ್ಟೂ ದೋಷಗಳು ಹೆಚ್ಚಿ ಒಂದಕ್ಕೊಂದು ಅಡ್ಡವಾಗುತ್ತವೆ. ಮಕ್ಕಳಿಗೆ ಹಬ್ಬದ ಹಿಂದಿನ ದಿನದ ದೇವರಾಜ ಮಾರುಕಟ್ಟೆಯ ಉದಾಹರಣೆ ಕೊಟ್ಟೆ: ಜನ ಕಡಿಮೆಯಿದ್ದರೆ ಸರಾಗ ನಡಿಗೆ, ಹೆಚ್ಚಿದರೆ ಯಾರೂ ಅಲುಗಲಾರರು. ಕಾಯಿಸಿದಾಗ ದೋಷ ಕಡಿಮೆಯಿರುವ ಹೊಸ ಹರಳುಗಳು ಬೆಳೆದು ಲೋಹ ಮತ್ತೆ ಮೆದುವಾಗುತ್ತದೆ. ಹೋಲಿಕೆಗೆ ಮಿತಿಯಿದೆ. ಮಾರುಕಟ್ಟೆಗೆ ಜನ ಹೊರಗಿನಿಂದ ಬರುತ್ತಾರೆ, ದೋಷಗಳು ಲೋಹದೊಳಗೇ ಹುಟ್ಟುತ್ತವೆ. ಇದನ್ನೂ ಹೇಳಬೇಕು.

ವಿಸ್ತರಣೆ

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯಲ್ಲಿ ಕೋಲ್ಡ್ ರೋಲಿಂಗ್ ವಿಭಾಗವಿದೆ. ಇಂಥ ಕಾರ್ಖಾನೆಗಳಲ್ಲಿ ಉಕ್ಕನ್ನು ಮೊದಲು ಕೆಂಪಗೆ ಕಾಯಿಸಿ ಕೆಲವು ಮಿ.ಮೀ. ದಪ್ಪಕ್ಕೆ ತಂದು, ಮೇಲಿನ ಆಕ್ಸೈಡನ್ನು ಆಮ್ಲದಿಂದ ತೊಳೆದು, ಅನಂತರ ತಣ್ಣಗೇ ರೋಲ್ ಮಾಡುತ್ತಾರೆ. ಕಾರಿನ ಹೊರಮೈಗೆ ಬೇಕಾದಂತೆ ಒತ್ತಿ ಮಡಚಲು ಬರಲೆಂದು ಮತ್ತೆ ಕಾಯಿಸಿ ಮೆದುಗೊಳಿಸುತ್ತಾರೆ. ಹುಣಸೆಹಣ್ಣಿನ ಕೆಲಸವನ್ನು ಅಲ್ಲಿ ಆಮ್ಲದ ತೊಟ್ಟಿ ಮಾಡುತ್ತದೆ ಎಂದಾಗ ತರಗತಿ ನಕ್ಕಿತು. ಮನೆಯಲ್ಲಿರುವ ರೇಷ್ಮೆ ಸೀರೆಯ ಅಸಲಿ ಜರಿಯೂ ಉದಾಹರಣೆಯೇ: ಬೆಳ್ಳಿಯ ತಂತಿಯನ್ನು ರೋಲರಿನಲ್ಲಿ ಚಪ್ಪಟೆಮಾಡಿ ನೂಲಿಗೆ ಸುತ್ತಿರುತ್ತಾರೆ.

ಒಬ್ಬಳು "ಎಲ್ಲ ಲೋಹವೂ ಹೀಗೇನಾ ಮಿಸ್?" ಎಂದಳು. ಸೀಸ ಹಾಗಲ್ಲ. ಅದು 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ, ಕೋಣೆಯ ಉಷ್ಣತೆಯಲ್ಲೇ ಅದರ ಹರಳುಗಳು ಹೊಸದಾಗಿ ಬೆಳೆಯುತ್ತವೆ. ಎಷ್ಟು ಬಡಿದರೂ ಮೆತ್ತಗೇ ಉಳಿಯುತ್ತದೆ. 'ತಣ್ಣನೆ' ಎಂಬುದು ಆಯಾ ಲೋಹಕ್ಕೆ ಸಂಬಂಧಿಸಿದ ಮಾತು.

ಮೌಲ್ಯಮಾಪನ ಮತ್ತು ಸೂಚನೆಗಳು

ಕೊನೆಯಲ್ಲಿ ಮೊದಲ ಪಾಠದ ಎರಡು ಪಟ್ಟಿಗಳನ್ನೇ ಮೇಜಿನ ಮೇಲಿಟ್ಟು, "ಇವುಗಳಿಂದ ಗಡಸುತನ ಹೋಲಿಸಬಹುದೇ?" ಎಂದು ಕೇಳಿದೆ. ಮೊದಲ ಸಾಲಿನ ಹುಡುಗನೇ ಎದ್ದ: "ಬಗ್ಗಿಸಿ ನೋಡಿದ್ರೆ ಆಗಲ್ಲ ಮಿಸ್, ದಪ್ಪ ಬೇರೆ ಬೇರೆ ಇದೆ." ನನ್ನ ಕಲಿಕಾಫಲದಲ್ಲಿ ಹೀಗೆಂದು ಬರೆದಿರಲಿಲ್ಲ, ಬರೆಯಬೇಕಿತ್ತು.

ಈ ಪಾಠ ಮಾಡುವವರು ಕಾಯಿಸುವ ಕೆಲಸವನ್ನು ತಾವೇ ಇಕ್ಕಳದಿಂದ ಮಾಡಿ. ಪಟ್ಟಿಯ ಅಂಚನ್ನು ಅರದಿಂದ ಉಜ್ಜಿ ನಯಮಾಡಿ. ಸೀಸವನ್ನು ಮಕ್ಕಳ ಕೈಗೆ ಕೊಡಬೇಡಿ. ಪಾಠೋಪಕರಣವನ್ನು ತರಗತಿಗೆ ಒಯ್ಯುವ ಮೊದಲು, ಮಗು ಅದನ್ನು ಹೇಗೆ ಮುಟ್ಟಿ ನೋಡಬಹುದೋ ಹಾಗೆ ನೀವೇ ಒಮ್ಮೆ ಮುಟ್ಟಿ ನೋಡಿ.