ಕೊಪ್ಪದಿಂದ ಕೊಪ್ಪಳಕ್ಕೆ: ಗಾಡಿಯ ಹಿಂದಿನ ಸ್ಟೆಬಿಲೈಸರ್ ಸರಳಿನ ವಿಚಾರ



ಕಳೆದ ತಿಂಗಳ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಇಬ್ಬರು ಸದಸ್ಯರು ಒಂದೇ ಪ್ರಶ್ನೆಯನ್ನು ಮುಂದಿಟ್ಟರು. ಘಾಟಿಯ ತಿರುವುಗಳಲ್ಲಿ ಗಾಡಿ ಬಹಳ ವಾಲುತ್ತದೆ. ಹಿಂದಿನ ಸ್ಟೆಬಿಲೈಸರ್ ಸರಳನ್ನು ತೆಗೆದು ಅದಕ್ಕಿಂತ ದಪ್ಪನೆಯದನ್ನು ಹಾಕಿಸಿದರೆ ಹೇಗೆ ಎಂಬುದೇ ಆ ಪ್ರಶ್ನೆ. ನಾವು ಹಾಗೆ ಹಾಕಿಸಿದವರು, ಆಮೇಲೆ ತೆಗೆಸಿದವರು. ಎರಡಕ್ಕೂ ಕಾರಣ ಹೇಳಬೇಕಾದುದು ನಮ್ಮ ಹೊಣೆಯೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ.

ಅಡಕೆ ಕೊಯ್ಲು ಮತ್ತು ಕಾಫಿ ಕೊಯ್ಲು ಒಂದರ ಬೆನ್ನಿಗೊಂದು ಬರುವ ದಿನಗಳಲ್ಲಿ ನಮ್ಮ ತೋಟಗಳಿಗೆ ಕೊಪ್ಪಳ ಜಿಲ್ಲೆಯಿಂದ ಕೆಲಸದವರು ಬರುವುದು ಎಲ್ಲರಿಗೂ ತಿಳಿದದ್ದೇ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಭತ್ತವಿದೆ, ಊರಲ್ಲೇ ಕೆಲಸ ಸಿಗುತ್ತದೆ. ಮಳೆಯನ್ನೇ ನಂಬಿದ ಯಲಬುರ್ಗಾ, ಕುಷ್ಟಗಿಗಳ ಎರೆ ಮತ್ತು ಮಸಾರಿ ಹೊಲಗಳ ಮಂದಿಯೇ ಹೆಚ್ಚಾಗಿ ಘಟ್ಟ ಹತ್ತುತ್ತಾರೆ. ಅವರನ್ನು ಕರೆತರಲೆಂದು ಶಿವಮೊಗ್ಗ, ಹರಿಹರ, ಹರಪನಹಳ್ಳಿ, ಹೊಸಪೇಟೆಯ ಮೇಲೆ ಹಾಯ್ದು ಮುನಿರಾಬಾದಿನ ಅಣೆಕಟ್ಟಿನ ಬಳಿ ಹೊಳೆ ದಾಟಿ ನಾವು ವರ್ಷ ವರ್ಷವೂ ಹೋಗುತ್ತಿದ್ದೇವೆ. (ಕೊಪ್ಪಳವು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಯಿತು. ಅಷ್ಟಾದರೂ ನಮ್ಮ ಕೊಪ್ಪಕ್ಕೆ ಬರಬೇಕಾದ ಪಾರ್ಸೆಲ್ಲು ಅಲ್ಲಿಗೆ ಹೋಗಿ ಸುತ್ತಿಕೊಂಡು ಬರುವುದು ತಪ್ಪಿಲ್ಲ.)

ಮೊದಲು ಈ ಸರಳಿನ ಸ್ವರೂಪವನ್ನು ನೋಡೋಣ. ಇದನ್ನು ಸ್ವೇ ಬಾರ್, ಆಂಟಿ ರೋಲ್ ಬಾರ್ ಎಂದೂ ಕರೆಯುವುದುಂಟು. ಗಾಡಿಯ ಅಡಿಯಲ್ಲಿ ಅಡ್ಡಲಾಗಿ ಮಲಗಿದ ಉಕ್ಕಿನ ಸರಳು. ಎರಡು ತುದಿಗಳೂ ಒಂದೇ ದಿಕ್ಕಿಗೆ ಬಾಗಿ, ಒಂದೊಂದು ತುದಿ ಒಂದೊಂದು ಚಕ್ರದ ಕಡೆಗೆ ಲಿಂಕಿನ ಮೂಲಕ ಸೇರಿರುತ್ತದೆ. ನಡುಭಾಗವನ್ನು ರಬ್ಬರ್ ಬುಷ್‌ಗಳು ಹಿಡಿದಿರುತ್ತವೆ. ಬಕೆಟ್ಟಿನ ಹಿಡಿಯನ್ನು ನೆನೆಯಿರಿ. ಅದರ ಎರಡು ತುದಿಗಳೂ ಒಟ್ಟಿಗೆ ತಿರುಗಿದರೆ ಹಿಡಿ ಸಲೀಸಾಗಿ ಏಳುತ್ತದೆ, ಇಳಿಯುತ್ತದೆ. ಒಂದು ತುದಿಯನ್ನು ಅದುಮಿ ಹಿಡಿದು ಇನ್ನೊಂದನ್ನು ಎತ್ತಹೋದರೆ ಕಬ್ಬಿಣವೇ ತಿರುಚಬೇಕು, ಕೈಗೆ ಎದುರು ಬಲ ಬರುತ್ತದೆ. ಇದೂ ಹಾಗೆಯೇ. ಎರಡೂ ಚಕ್ರಗಳು ಒಟ್ಟಿಗೆ ಉಬ್ಬು ಹತ್ತಿದರೆ ಸರಳಿಗೆ ಕೆಲಸವಿಲ್ಲ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಆದಾಗ ಅದು ತಿರುಚಿಕೊಂಡು ಎರಡನ್ನೂ ಸಮಕ್ಕೆ ತರಲು ಎಳೆಯುತ್ತದೆ. ತಿರುವಿನಲ್ಲಿ ಗಾಡಿ ವಾಲುವುದೆಂದರೆ ಹೊರಗಿನ ಸ್ಪ್ರಿಂಗು ಕುಗ್ಗಿ ಒಳಗಿನದು ಹಿಗ್ಗುವುದು. ಆಗ ಸರಳು ಅಡ್ಡ ಬರುತ್ತದೆ, ವಾಲಾಟ ಕಡಿಮೆಯಾಗುತ್ತದೆ.

ಅಂಬಾಸಿಡರ್ ಇಟ್ಟುಕೊಂಡಿದ್ದ ಹಿರಿಯ ಸದಸ್ಯರು ಇದನ್ನು ಅದರ ಮುಂದಿನ ಟಾರ್ಷನ್ ಬಾರ್ ಎಂದು ತಿಳಿಯುವ ಸಂಭವವಿದೆ. ತಿರುಚುವ ತತ್ವ ಒಂದೇ, ಕೆಲಸ ಬೇರೆ. ಅದು ಗಾಡಿಯ ಭಾರವನ್ನೇ ಹೊರುವ ಸ್ಪ್ರಿಂಗು. ಇದು ಭಾರ ಹೊರುವುದಿಲ್ಲ, ಎಡಕ್ಕೂ ಬಲಕ್ಕೂ ಸಂಬಂಧ ಕಲ್ಪಿಸುತ್ತದೆ, ಅಷ್ಟೇ.

ಇನ್ನು ನಾವು ತಪ್ಪಿದ ಜಾಗ. ಗಾಡಿ ವಾಲುವುದು ನಿಂತರೆ ಭಾರ ಹೊರಚಕ್ರಕ್ಕೆ ಸರಿಯುವುದೂ ನಿಂತಿತೆಂದು ನಾವು ನಂಬಿದ್ದೆವು. ಅದು ತಪ್ಪು. ತಿರುವಿನಲ್ಲಿ ಎಷ್ಟು ಭಾರ ಒಳಗಿನಿಂದ ಹೊರಗೆ ಸರಿಯುತ್ತದೆ ಎಂಬುದನ್ನು ನಿರ್ಧರಿಸುವವು ಗಾಡಿಯ ತೂಕ, ತೂಕದ ಕೇಂದ್ರ ಇರುವ ಎತ್ತರ, ಎಡಬಲ ಚಕ್ರಗಳ ನಡುವಿನ ಅಗಲ ಮತ್ತು ತಿರುವು ತೆಗೆದುಕೊಂಡ ವೇಗ. ಒಂದು ಲೆಕ್ಕ ಮಾಡೋಣ. ಜನ ಸೇರಿ 1800 ಕಿಲೋ ತೂಗುವ ಗಾಡಿ, ತೂಕದ ಕೇಂದ್ರ ನೆಲದಿಂದ 70 ಸೆಂ.ಮೀ. ಮೇಲೆ, ಚಕ್ರಗಳ ನಡುವೆ 145 ಸೆಂ.ಮೀ. ಎಂದಿಟ್ಟುಕೊಳ್ಳಿ. ತೂಕದ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಬಲ ಪಕ್ಕಕ್ಕೆ ತಳ್ಳುವ ವೇಗದಲ್ಲಿ ತಿರುಗಿದರೆ ಸುಮಾರು 350 ಕಿಲೋ ಭಾರ ಒಳಚಕ್ರಗಳಿಂದ ಹೊರಚಕ್ರಗಳಿಗೆ ಹೋಗುತ್ತದೆ. ಸರಳು ತೆಳ್ಳಗಿರಲಿ, ದಪ್ಪಗಿರಲಿ, ಈ ಮೊತ್ತ ಹೆಚ್ಚುಕಡಿಮೆ ಇಷ್ಟೇ. ಅದೇ ಗಾಡಿಯ ಕ್ಯಾರಿಯರಿನ ಮೇಲೆ, ನೆಲದಿಂದ ಎರಡು ಮೀಟರ್ ಎತ್ತರದಲ್ಲಿ, ಒಂದು ಕ್ವಿಂಟಲ್ ಜೋಳದ ಚೀಲ ಹೇರಿದರೆ ಮೊತ್ತ 400 ಕಿಲೋ ದಾಟುತ್ತದೆ.

ಹಾಗಾದರೆ ಹಿಂದಿನ ಸರಳು ಮಾಡುವುದೇನು? ಆ 350 ಕಿಲೋದಲ್ಲಿ ಮುಂದಿನ ಜೋಡಿಗೆಷ್ಟು, ಹಿಂದಿನ ಜೋಡಿಗೆಷ್ಟು ಎಂದು ಪಾಲು ಹಂಚುತ್ತದೆ. ಹಿಂದೆ ಬಿಗಿ ಹೆಚ್ಚಿಸಿದರೆ ಹಿಂದಿನ ಪಾಲು ಹೆಚ್ಚುತ್ತದೆ, ಮುಂದಿನದು ಇಳಿಯುತ್ತದೆ. ಟೈರಿನ ಹಿಡಿತವು ಭಾರದಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ತಲಾ 40 ಕಿಲೋ ಹೊತ್ತ ಇಬ್ಬರು ಆಳುಗಳು ನಡೆಯುವ ದೂರವನ್ನು, ಒಬ್ಬನಿಗೆ 65 ಇನ್ನೊಬ್ಬನಿಗೆ 15 ಹೊರಿಸಿದರೆ ಅವರಿಬ್ಬರೂ ಕೂಡಿ ನಡೆಯಲಾರರು. ಹಾಗೆ ಹಿಂದಿನ ಎರಡು ಟೈರುಗಳ ನಡುವೆ ಭಾರದ ವ್ಯತ್ಯಾಸ ಬೆಳೆದಷ್ಟೂ ಆ ಜೋಡಿಯ ಒಟ್ಟು ಹಿಡಿತ ಕಡಿಮೆ. ಮುಂದಿನ ಜೋಡಿಯದು ಅಷ್ಟರ ಮಟ್ಟಿಗೆ ಹೆಚ್ಚು. ಮೂತಿ ಸುಲಭವಾಗಿ ತಿರುಗುತ್ತದೆ, ಬಾಲ ಸುಲಭವಾಗಿ ಜಾರುತ್ತದೆ.

ತಯಾರಕರು ಸಾಮಾನ್ಯವಾಗಿ ಗಾಡಿಯನ್ನು ಇದಕ್ಕೆ ವಿರುದ್ಧವಾಗಿ ಹೊಂದಿಸಿ ಕಳಿಸುತ್ತಾರೆ. ವೇಗ ಮಿತಿಮೀರಿದರೆ ಮೊದಲು ಮೂತಿಯೇ ತಿರುವಿನ ಹೊರಕ್ಕೆ ಸರಿಯುವಂತೆ ಮಾಡುತ್ತಾರೆ. ಆಗ ಭಯಬಿದ್ದ ಚಾಲಕ ಕಾಲು ತೆಗೆಯುತ್ತಾನೆ, ವೇಗ ತಗ್ಗಿ ಗಾಡಿ ದಾರಿಗೆ ಬರುತ್ತದೆ. ಬಾಲ ಜಾರುವ ಗಾಡಿಯಲ್ಲಿ ಅದೇ ಭಯ, ಅದೇ ಕಾಲು ತೆಗೆಯುವಿಕೆ ಕೇಡು ತರುತ್ತದೆ. ಭಾರ ಮುಂದಕ್ಕೆ ವಾಲಿ ಹಿಂದಿನ ಟೈರುಗಳು ಇನ್ನೂ ಹಗುರವಾಗುತ್ತವೆ.

ನಮ್ಮ ಗಾಡಿಗೆ ಹಿಂದೆ ಕಾಯಿಲ್ ಸ್ಪ್ರಿಂಗು, 18 ಮಿ.ಮೀ. ದಪ್ಪದ ಸರಳು. ಒಂದು ಕಾರ್ಖಾನೆಯಲ್ಲಿ 22 ಮಿ.ಮೀ.ನದನ್ನು ಹಾಕಿಸಿದೆವು. ನಾಲ್ಕು ಮಿ.ಮೀ. ಯಾವ ಲೆಕ್ಕ ಎಂದುಕೊಂಡಿದ್ದೆವು. ಆದರೆ ಸರಳಿನ ಬಿಗಿ ಅದರ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. ಉದ್ದ, ಆಕಾರ ಒಂದೇ ಇದ್ದರೆ 18ರಿಂದ 22ಕ್ಕೆ ಹೋದಾಗ ಬಿಗಿ ಸುಮಾರು ಎರಡೂಕಾಲು ಪಟ್ಟು. ವಿಜ್ಞಾನದ ಪದವೀಧರರಾದ ನಮಗೆ ಇದು ಕಾಲೇಜಿನಲ್ಲಿ ಓದಿದ ಪಾಠ. ಹಣ ಕೊಡುವಾಗ ನೆನಪಿಗೆ ಬರಲಿಲ್ಲ.

ಘಾಟಿಯಲ್ಲಿ ಗಾಡಿ ಬಲು ಚೆನ್ನಾಗಿ ಓಡಿತು. ವಾಲಾಟ ಹೋಯಿತು, ಹಿಂದೆ ಕೂತವರಿಗೆ ವಾಂತಿ ಬರುವುದು ನಿಂತಿತು, ಸ್ಟಿಯರಿಂಗ್ ಚುರುಕಾಯಿತು. ನಾವು ನಾಲ್ಕು ಜನರ ಮುಂದೆ ಹೊಗಳಿಯೂ ಹೊಗಳಿದೆವು.

ಅದೇ ಅಕ್ಟೋಬರಿನಲ್ಲಿ ಯಲಬುರ್ಗಾ ಕಡೆಯ ಒಂದು ಹಳ್ಳಿಯಿಂದ ಒಂದು ಸಂಸಾರವನ್ನು ಕರೆದುಕೊಂಡು ಕುಕನೂರಿನತ್ತ ಹೊರಟಿದ್ದೆವು. ದೊಡ್ಡವರು ನಾಲ್ವರು, ಮಗು ಒಂದು, ಮೇಲೆ ಜೋಳದ ಚೀಲ, ಪಾತ್ರೆಗಂಟು. ಹಿಂದಿನ ರಾತ್ರಿ ಮಳೆಯಾಗಿತ್ತು. ಹೊಲದಿಂದ ಹತ್ತಿದ ಟ್ರಾಕ್ಟರುಗಳು ಡಾಂಬರಿನ ಮೇಲೆ ಎರೆಮಣ್ಣನ್ನು ಬಳಿದು ಹೋಗಿದ್ದವು. ಎರೆಮಣ್ಣು ಒದ್ದೆಯಾದರೆ ಸಾಬೂನು ಎಂಬುದನ್ನು ಆ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅರವತ್ತರ ಆಸುಪಾಸಿನ ವೇಗ. ಗಾಡಿ ವಾಲದೆ ಸ್ಥಿರವಾಗಿ ಹೋಗುತ್ತಿದ್ದುದರಿಂದ ಅದು ಹೆಚ್ಚೆಂದು ತೋರಲಿಲ್ಲ. ತಿರುವಿನಲ್ಲಿ ಮಣ್ಣು ಕಂಡು ಕಾಲು ತೆಗೆದೆವು. ಬಾಲ ಒಮ್ಮೆಗೇ ಹೊರಗೆ ಬೀಸಿ, ಗಾಡಿ ಬಂದ ದಾರಿಯ ಕಡೆಗೆ ಮುಖ ಮಾಡಿ, ಹೊಲದ ಬದುವಿಗೆ ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಮಗುವಿನ ತಾಯಿ ಕೆಳಗಿಳಿದು, ಗಂಟನ್ನು ಕೊಡಿರಿ, ನಾವು ಬಸ್ಸಿಗೇ ಬರುತ್ತೇವೆ ಎಂದಳು. ಅವಳಿಗೆ ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ.

ಹಳೆಯ ಸರಳಿದ್ದರೆ ಏನಾಗುತ್ತಿತ್ತು? ಜಾರದೆ ಇರುತ್ತಿತ್ತೆಂದು ಹೇಳಲಾರೆವು. ವೇಗ ನಮ್ಮದು, ಮೇಲಿನ ಚೀಲವನ್ನು ಹೇರಿಸಿದವರೂ ನಾವೇ. ಆದರೆ ತಿರುವಿಗೆ ಮುಂಚಿನ ತಿರುವುಗಳಲ್ಲೇ ಗಾಡಿ ವಾಲಿ ನಮ್ಮನ್ನು ಎಚ್ಚರಿಸುತ್ತಿತ್ತು. ವಾಲಾಟವೆಂಬುದು ಗಾಡಿ ಚಾಲಕನೊಡನೆ ಆಡುವ ಮಾತು. ನಾವು ದುಡ್ಡು ಕೊಟ್ಟು ಅದರ ಬಾಯಿ ಮುಚ್ಚಿಸಿದ್ದೆವು.

ಪ್ರಯಾಣದ ಸುಖದ ವಿಷಯಕ್ಕೂ ಆ ಸೀಮೆಯೇ ಒಳ್ಳೆಯ ಪಾಠಶಾಲೆ. ಕುಷ್ಟಗಿಯ ಮೇಲೆ ಹಾಯುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ನೇರ ಓಡುವಾಗ ದಪ್ಪ ಸರಳು ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ರಸ್ತೆಯುಬ್ಬು ದಾಟುವಾಗಲೂ ಎರಡು ಚಕ್ರ ಒಟ್ಟಿಗೆ ಏಳುವುದರಿಂದ ವ್ಯತ್ಯಾಸವಿಲ್ಲ. ಹಳ್ಳಿಯ ದಾರಿಗೆ ಇಳಿದೊಡನೆ ಕಥೆ ಬೇರೆ. ಎರೆಭೂಮಿ ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ; ಅದರ ಮೇಲಿನ ಡಾಂಬರು ಅಂಚಿನಲ್ಲಿ ಕುಸಿದು ಒಂದು ಚಕ್ರ ತಗ್ಗಿನಲ್ಲಿ, ಇನ್ನೊಂದು ದಿಬ್ಬದಲ್ಲಿ ಓಡುತ್ತದೆ. ಆಗ ಒಂದು ಚಕ್ರದ ಪೆಟ್ಟನ್ನು ಸರಳು ಇನ್ನೊಂದಕ್ಕೂ ಮುಟ್ಟಿಸುತ್ತದೆ. ಮೈ ಮೇಲೆ ಕೆಳಗೆ ಕುಲುಕುವುದಿಲ್ಲ, ತಲೆ ಎಡಕ್ಕೂ ಬಲಕ್ಕೂ ಬಡಿದಾಡುತ್ತದೆ. ಸೊಂಟನೋವಿಗಿಂತ ಕತ್ತುನೋವು ಹೆಚ್ಚು.

ನಮ್ಮ ತೋಟದ ದಾರಿಯಲ್ಲಿ ಇನ್ನೊಂದು ತೊಡಕು. ಮೋರಿಯನ್ನು ಓರೆಯಾಗಿ ದಾಟುವಾಗ ಹಿಂದಿನ ಒಂದು ಚಕ್ರ ಹಳ್ಳಕ್ಕೆ ಇಳಿಯಬೇಕು. ಬಿಗಿಯಾದ ಸರಳು ಅದನ್ನು ಇಳಿಯಗೊಡದೆ ಎತ್ತಿ ಹಿಡಿಯುತ್ತದೆ. ಎತ್ತಿದ ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗುತ್ತದೆ, ಗಾಡಿ ಅಲ್ಲೇ ಕೂರುತ್ತದೆ. ಹಿಂದೆಂದೂ ಸಿಕ್ಕಿಬೀಳದ ಜಾಗದಲ್ಲಿ ನಾವು ಎರಡು ಸಲ ಆಳು ಕರೆಸಿ ತಳ್ಳಿಸಿದೆವು.

ಇಷ್ಟರಿಂದ ಹಿಂದಿನ ಸರಳೇ ಬೇಡವೆಂಬ ತೀರ್ಮಾನಕ್ಕೆ ಬರಬಾರದು. ತಯಾರಕರು ಕೊಟ್ಟದ್ದನ್ನು ಸುಸ್ಥಿತಿಯಲ್ಲಿಡುವುದೇ ಬಹುಪಾಲು ಸದಸ್ಯರಿಗೆ ಸಾಕು. ಗಾಡಿ ಇತ್ತೀಚೆಗೆ ಹೆಚ್ಚು ವಾಲುತ್ತಿದೆ ಎನಿಸಿದರೆ ಮೊದಲು ನೋಡಬೇಕಾದುದು ಸರಳಿನ ಬುಷ್ ಮತ್ತು ಲಿಂಕು. ರಬ್ಬರು ಸವೆದರೆ ತುದಿ ಸ್ವಲ್ಪ ದೂರ ಖಾಲಿ ಓಡಿ ಆಮೇಲೆ ಹಿಡಿಯುತ್ತದೆ. ನಿಧಾನವಾಗಿ ಹಳ್ಳ ಇಳಿಯುವಾಗ ಟೊಕ್ ಟೊಕ್ ಸದ್ದು ಬರುತ್ತದೆ. ಬದಲಿಸುವಾಗ ಎರಡೂ ಕಡೆ ಬದಲಿಸಿರಿ. ಅನಂತರ ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿದೆಯೇ, ಟೈರಿನ ಗಾಳಿ ಸರಿಯಿದೆಯೇ ನೋಡಿರಿ. ಸದ್ದು ಬರುತ್ತದೆಂದು ಸರಳನ್ನೇ ಬಿಚ್ಚಿಸಿ ಓಡಿಸುವವರನ್ನೂ ಕಂಡಿದ್ದೇವೆ. ಹಳೆಯ ಮಾರುತಿ 800ರಲ್ಲಿ ಮುಂದಿನ ಸರಳೇ ಚಕ್ರವನ್ನು ಹಿಂದುಮುಂದಾಗದಂತೆ ಹಿಡಿದಿರುತ್ತದೆ. ಅಲ್ಲಿ ಇಂಥ ಸಾಹಸ ಸಲ್ಲದು.

ಈಗಿನ ಸಣ್ಣ ಕಾರುಗಳ ಅನೇಕ ಮಾದರಿಗಳಲ್ಲಿ ಹಿಂದೆ ಬೇರೆ ಸರಳು ಕಾಣದಿದ್ದರೆ ಗಾಬರಿ ಬೇಡ; ಎರಡು ಚಕ್ರಗಳನ್ನು ಕೂಡಿಸುವ ಅಡ್ಡ ತೊಲೆಯೇ ತಿರುಚಿಕೊಂಡು ಆ ಕೆಲಸ ಮಾಡುತ್ತದೆ. ಪಟ್ಟಿ ಸ್ಪ್ರಿಂಗಿನ ಪಿಕಪ್ಪುಗಳಲ್ಲಿ ಸ್ಪ್ರಿಂಗೇ ಸಾಕಷ್ಟು ಬಿಗಿ. ಆದರೆ ಆ ಪಿಕಪ್ಪುಗಳಲ್ಲಿ ಜನರನ್ನು ನಿಲ್ಲಿಸಿ ತೋಟದಿಂದ ತೋಟಕ್ಕೆ ಸಾಗಿಸುವುದು ನಮ್ಮಲ್ಲಿ ಇನ್ನೂ ನಡೆದಿದೆ. ನಿಂತವರ ತೂಕವೆಲ್ಲ ಎತ್ತರದಲ್ಲಿ, ತಿರುವಿನಲ್ಲಿ ಎಲ್ಲರೂ ಹೊರಬದಿಗೇ ಒಲೆಯುತ್ತಾರೆ. ಯಾವ ಸರಳೂ ಅದಕ್ಕೆ ಪರಿಹಾರವಲ್ಲ, ಕಾನೂನೂ ಒಪ್ಪುವುದಿಲ್ಲ. ಹಾಗೆಯೇ ಗಾಡಿಯ ಮೂಲ ರಚನೆಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಮಿತಿ ಹಾಕಿದೆ ಎಂಬುದನ್ನೂ ದಪ್ಪ ಸರಳು ಕೊಳ್ಳಹೊರಟವರು ತಿಳಿದಿರಬೇಕು.

ನಾವು ಊರಿಗೆ ಬಂದ ವಾರವೇ 18 ಮಿ.ಮೀ.ನ ಹಳೆಯ ಸರಳನ್ನು ಹೊಸ ಬುಷ್‌ಗಳೊಂದಿಗೆ ಮತ್ತೆ ಹಾಕಿಸಿದೆವು. ಕ್ಯಾರಿಯರನ್ನು ತೆಗೆಸಿದೆವು, ಈಗ ಕೆಲಸದವರ ಜೋಳದ ಚೀಲ, ಪಾತ್ರೆಗಳು ಬೇರೆಯಾಗಿ ಲಾರಿಯಲ್ಲಿ ಬರುತ್ತವೆ, ಅದರ ಬಾಡಿಗೆ ನಮ್ಮದು. ಈ ಹಂಗಾಮಿನಲ್ಲಿ ಆ ಕಡೆ ಹೊರಡುವ ಸದಸ್ಯರಿಗಾಗಿ ಸಂಘದ ಕಚೇರಿಯಲ್ಲಿ ಟೈರಿನ ಗಾಳಿ ಅಳೆಯುವ ಮಾಪಕವೊಂದನ್ನು ಇರಿಸಲಾಗಿದೆ. ಬೆಳಗ್ಗೆ ಟೈರು ತಣ್ಣಗಿರುವಾಗ ಅಳೆಯತಕ್ಕದ್ದು. ಒಯ್ದವರು ಪುಸ್ತಕದಲ್ಲಿ ಸಹಿ ಮಾಡಿ, ಸಂಜೆಯೊಳಗೆ ಹಿಂದಿರುಗಿಸಬೇಕಾಗಿ ವಿನಂತಿ.