ಮಧ್ಯಯುಗೀನ ಕ್ರೈಸ್ತ ಚಿಂತನೆಯಲ್ಲಿ ಸಲಿಂಗಾನುರಾಗ: ಹೆಣ್ಣುಗಳ ನಡುವಿನ ಸಂಬಂಧ ಮತ್ತು ದಾಖಲೆಗಳ ಮೌನ

1. ಪ್ರಸ್ತಾವನೆ

ಮಧ್ಯಯುಗದ ಯುರೋಪಿನ ಕ್ರೈಸ್ತ ಧರ್ಮಸಭೆ ಸಲಿಂಗಾನುರಾಗವನ್ನು ಹೇಗೆ ಕಂಡಿತು ಎಂಬ ಪ್ರಶ್ನೆಗೆ ‘ಖಂಡಿಸಿತು’ ಎಂಬ ಒಂದೇ ಮಾತಿನ ಉತ್ತರ ಸಾಮಾನ್ಯವಾಗಿ ದೊರೆಯುತ್ತದೆ. ಈ ಉತ್ತರ ಸತ್ಯವಾದರೂ ಅಪೂರ್ಣವಾದುದು. ಖಂಡನೆಗೆ ಗುರಿಯಾದದ್ದು ಕೃತ್ಯವೋ ಬಯಕೆಯೋ, ಗಂಡಸರಿಗೆ ಅನ್ವಯಿಸಿದ ಅಳತೆಗೋಲೇ ಹೆಂಗಸರಿಗೂ ಅನ್ವಯಿಸಿತೇ ಎಂಬ ಪ್ರಶ್ನೆಗಳು ಅದರಲ್ಲಿ ಮರೆಯಾಗಿಬಿಡುತ್ತವೆ. ಹೆಣ್ಣುಗಳ ನಡುವಿನ ಸಂಬಂಧದ ಕುರಿತು ಆ ಕಾಲದ ಪಠ್ಯಗಳು ಆಡಿರುವ ಮಾತು ಬಹಳ ಕಡಿಮೆ. ಈ ಮೌನವನ್ನು ಕೆಲವರು ಸಹನೆ ಎಂದು ಓದಿದ್ದಾರೆ. ಮತ್ತೆ ಕೆಲವರು ಅಂಥ ಸಂಬಂಧಗಳೇ ಇರಲಿಲ್ಲವೆಂಬುದಕ್ಕೆ ಸಾಕ್ಷಿ ಎಂದು ಭಾವಿಸಿದ್ದಾರೆ. ಪಾಪವನ್ನು ವ್ಯಾಖ್ಯಾನಿಸಿದ ಕ್ರಮದಲ್ಲಿಯೇ ಈ ಮೌನದ ಕಾರಣವಿದೆ ಎಂಬುದನ್ನು ಪ್ರಸ್ತುತ ಲೇಖನ ಪ್ರತಿಪಾದಿಸುತ್ತದೆ.

ಪರಿಭಾಷೆಯ ತೊಡಕನ್ನು ಮೊದಲೇ ಗಮನಿಸಬೇಕು. ‘ಸಲಿಂಗಕಾಮ’ ಎಂಬ ಕನ್ನಡ ಪದವು ‘ಹೋಮೋಸೆಕ್ಷುಯಾಲಿಟಿ’ ಎಂಬುದಕ್ಕೆ ಸಂವಾದಿಯಾಗಿ ಬಳಕೆಯಲ್ಲಿದೆ. ಆ ಮೂಲಪದದ ಜರ್ಮನ್ ರೂಪ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1869ರಲ್ಲಿ. ಒಬ್ಬ ವ್ಯಕ್ತಿಯ ಸ್ಥಾಯಿಯಾದ ಸ್ವಭಾವವನ್ನು ಸೂಚಿಸುವ ಈ ಪರಿಕಲ್ಪನೆಗೆ ಮಧ್ಯಯುಗದ ಲ್ಯಾಟಿನ್ನಿನಲ್ಲಿ ಸಮಾನಪದವಿಲ್ಲ. ಅಲ್ಲಿದ್ದವು ‘ಸೊದೋಮಿಯಾ’ ಮತ್ತು ‘ನಿಸರ್ಗವಿರುದ್ಧ ಪಾಪ’ ಎಂಬ ಮಾತುಗಳು. ಇವೆರಡೂ ಕೃತ್ಯವನ್ನು ಹೆಸರಿಸುತ್ತವೆಯೇ ಹೊರತು ವ್ಯಕ್ತಿಯ ಅಸ್ಮಿತೆಯನ್ನಲ್ಲ. ಆದುದರಿಂದ ಇಲ್ಲಿ ಭಾವವನ್ನು ಕುರಿತು ಹೇಳುವಾಗ ‘ಸಲಿಂಗಾನುರಾಗ’ ಎಂಬ ಪದವನ್ನೂ ಶಿಕ್ಷಾರ್ಹವಾದುದನ್ನು ಕುರಿತು ಹೇಳುವಾಗ ‘ಕೃತ್ಯ’ ಎಂಬ ಪದವನ್ನೂ ಬಳಸಲಾಗಿದೆ.

2. ಒಂದು ವಾಕ್ಯದ ಎರಡು ಓದು

ಹೆಣ್ಣುಗಳ ನಡುವಿನ ಸಂಬಂಧದ ಕುರಿತ ಕ್ರೈಸ್ತ ಚರ್ಚೆಯೆಲ್ಲ ಸಂತ ಪೌಲನು ಕ್ರಿ.ಶ. 57ರ ಸುಮಾರಿಗೆ ರೋಮಿನವರಿಗೆ ಬರೆದ ಪತ್ರದ ಮೊದಲ ಅಧ್ಯಾಯದ 26ನೆಯ ವಚನವನ್ನು ಅವಲಂಬಿಸಿದೆ. ಹೆಂಗಸರು ಸ್ವಾಭಾವಿಕವಾದ ಭೋಗವನ್ನು ಬಿಟ್ಟು ಸ್ವಭಾವಕ್ಕೆ ವಿರುದ್ಧವಾದುದನ್ನು ಹಿಡಿದರೆಂಬುದು ಅದರ ತಾತ್ಪರ್ಯ. ಆದರೆ ಆ ಹೆಂಗಸರು ಯಾರೊಡನೆ ಹಾಗೆ ನಡೆದುಕೊಂಡರು ಎಂಬುದನ್ನು ವಚನ ಬಿಡಿಸಿ ಹೇಳುವುದಿಲ್ಲ. ಗಂಡಸರ ಕುರಿತು ಮುಂದಿನ ವಚನವು ಸ್ಪಷ್ಟವಾಗಿ ಗಂಡಸರೊಡನೆ ಗಂಡಸರು ಎಂದು ಹೇಳುತ್ತದೆ.

ಈ ಅಸ್ಪಷ್ಟತೆಯಿಂದಾಗಿ ಆರಂಭದ ವ್ಯಾಖ್ಯಾನಕಾರರಲ್ಲಿಯೇ ಎರಡು ಓದುಗಳು ಹುಟ್ಟಿಕೊಂಡವು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜಾನ್ ಕ್ರಿಸೊಸ್ಟಮನು ಇದನ್ನು ಹೆಣ್ಣು ಹೆಣ್ಣನ್ನು ಕೂಡುವುದೆಂದೇ ಗ್ರಹಿಸಿದನು. ಲಜ್ಜೆ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚಾಗಿರಬೇಕಾದುದರಿಂದ ಅವರ ತಪ್ಪು ಇನ್ನೂ ನಾಚಿಕೆಗೇಡು ಎಂಬುದು ಅವನ ವಾದ. ಅಗಸ್ಟೀನನಾದರೋ ಇದೇ ವಚನವನ್ನು ಸಂತಾನಕ್ಕೆ ಅವಕಾಶವಿಲ್ಲದ ರೀತಿಯಲ್ಲಿ ಹೆಣ್ಣು ಗಂಡಿನೊಡನೆ ಕೂಡುವುದಕ್ಕೆ ಅನ್ವಯಿಸಿದನು. ಅವನ ದೃಷ್ಟಿಯಲ್ಲಿ ನಿಸರ್ಗವೆಂದರೆ ಸಂತಾನೋದ್ದೇಶ. ಆ ಉದ್ದೇಶವನ್ನು ತಪ್ಪಿಸುವ ಕೂಟವೆಲ್ಲ, ದಂಪತಿಗಳದ್ದಾದರೂ, ನಿಸರ್ಗವಿರುದ್ಧವೇ. ಮುಂದಿನ ಸಾವಿರ ವರ್ಷಗಳ ಚಿಂತನೆಯನ್ನು ರೂಪಿಸಿದ್ದು ಈ ಸಂತಾನಕೇಂದ್ರಿತ ನಿಲುವು. ಅದರಲ್ಲಿ ಗಂಡಿನ ಬೀಜವೇ ಪಾಪದ ಅಳತೆಯ ಕೇಂದ್ರವಾಯಿತು. ಬೀಜವೂ ಪುರುಷಾಂಗವೂ ಇಲ್ಲದ ಕಡೆ ಪಾಪವನ್ನು ಅಳೆಯುವುದು ಹೇಗೆ ಎಂಬ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

3. ಪ್ರಾಯಶ್ಚಿತ್ತ ಸಂಹಿತೆಗಳ ಲೆಕ್ಕ

ಈ ತೊಡಕು ಪ್ರಾಯಶ್ಚಿತ್ತ ಸಂಹಿತೆಗಳಲ್ಲಿ ಅಂಕಿಗಳ ರೂಪದಲ್ಲಿಯೇ ಕಾಣಸಿಗುತ್ತದೆ. ಪಾಪನಿವೇದನೆ ಕೇಳುವ ಪಾದ್ರಿಗಳ ಉಪಯೋಗಕ್ಕಾಗಿ ಸಿದ್ಧವಾದ ಈ ಕೈಪಿಡಿಗಳು ಯಾವ ಪಾಪಕ್ಕೆ ಎಷ್ಟು ಕಾಲದ ಪ್ರಾಯಶ್ಚಿತ್ತ ಎಂಬುದನ್ನು ಪಟ್ಟಿಮಾಡುತ್ತವೆ. 668ರಿಂದ 690ರವರೆಗೆ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನಾಗಿದ್ದ ಥಿಯೊಡೋರನ ಹೆಸರಿನ ಸಂಹಿತೆಯು ಗಂಡಸರ ನಡುವಿನ ಕೃತ್ಯಕ್ಕೆ ಬೇರೆ ಬೇರೆ ವಿಧಿಗಳಲ್ಲಿ 7, 10 ಮತ್ತು 15 ವರ್ಷಗಳನ್ನು ಹೇಳುತ್ತದೆ. ಹೆಣ್ಣು ಹೆಣ್ಣಿನೊಡನೆ ತಪ್ಪಿ ನಡೆದರೆ 3 ವರ್ಷ. ಹೆಣ್ಣು ಏಕಾಂತದಲ್ಲಿ ತನ್ನನ್ನು ತಾನೇ ತೃಪ್ತಿಪಡಿಸಿಕೊಂಡರೂ ಅದೇ 3 ವರ್ಷ.

ಈ ಕೊನೆಯ ಸಮೀಕರಣವು ವಿಶೇಷ ಗಮನಕ್ಕೆ ಅರ್ಹವಾದುದು. ಇಬ್ಬರು ಹೆಣ್ಣುಗಳ ಸಂಬಂಧವೂ ಒಬ್ಬಳೇ ಹೆಣ್ಣಿನ ಏಕಾಂತ ಕೃತ್ಯವೂ ಒಂದೇ ತೂಕದವೆಂದರೆ, ಎರಡನೆಯ ಹೆಣ್ಣಿನ ಇರವು ಲೆಕ್ಕಕ್ಕೆ ಬಂದಿಲ್ಲವೆಂದೇ ಅರ್ಥ. ಇಲ್ಲಿನ ಶಿಕ್ಷೆ ಕಡಿಮೆಯಾದದ್ದಕ್ಕೆ ಕರುಣೆ ಕಾರಣವಲ್ಲ. ಆ ಸಂಬಂಧವನ್ನು ‘ಕೂಟ’ವೆಂದು ಗುರುತಿಸುವ ಪರಿಕಲ್ಪನೆಯೇ ಸಂಹಿತೆಕಾರನಲ್ಲಿ ಇರಲಿಲ್ಲ. ಬೀಡನ ಹೆಸರಿನಲ್ಲಿ ಪ್ರಚಲಿತವಾದ ಸಂಹಿತೆಯಲ್ಲಿ ಸನ್ಯಾಸಿನಿಯರು ಸಾಧನವೊಂದನ್ನು ಬಳಸಿ ಕೂಡಿದರೆ 7 ವರ್ಷಗಳ ಪ್ರಾಯಶ್ಚಿತ್ತವಿದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ವೊರ್ಮ್ಸ್‌ನ ಬಿಷಪ್ ಬುರ್ಕಾರ್ಡನು ಸಂಕಲಿಸಿದ ‘ದೆಕ್ರೆತುಮ್’ ಗ್ರಂಥದ 19ನೆಯ ಭಾಗದಲ್ಲಿ ಹೆಂಗಸರಿಗೆ ಕೇಳಬೇಕಾದ ಪ್ರಶ್ನೆಗಳಿವೆ. ಪುರುಷಾಂಗದ ಆಕಾರದ ಸಾಧನವನ್ನು ಮಾಡಿಕೊಂಡೆಯಾ ಎಂಬುದು ಅಲ್ಲಿಯೂ ಬರುತ್ತದೆ. ಗಂಡಿನ ಪ್ರತಿರೂಪವೊಂದು ಪ್ರವೇಶಿಸಿದಾಗ ಮಾತ್ರ ಹೆಣ್ಣುಗಳ ಸಂಬಂಧವು ಧರ್ಮಶಾಸ್ತ್ರದ ಕಣ್ಣಿಗೆ ಸ್ಪಷ್ಟವಾಗಿ ಗೋಚರಿಸುತ್ತದೆ.

4. ‘ಸೊದೋಮಿಯಾ’ ಮತ್ತು ಅದರ ವಿಸ್ತಾರ

1049ರ ಸುಮಾರಿಗೆ ಪೀಟರ್ ಡೇಮಿಯನ್ನನು ‘ಗೊಮೋರದ ಪುಸ್ತಕ’ವನ್ನು ಬರೆದು ಪೋಪ್ ಒಂಬತ್ತನೆಯ ಲಿಯೊನಿಗೆ ಅರ್ಪಿಸಿದನು. ಪಾದ್ರಿಗಳಲ್ಲಿದ್ದ ಈ ‘ರೋಗ’ವನ್ನು ಬೇರುಸಹಿತ ಕೀಳಬೇಕೆಂಬುದು ಅವನ ಆಗ್ರಹ. ಪೋಪನು ಅವನ ಕಾಳಜಿಯನ್ನು ಮೆಚ್ಚಿದರೂ ತಪ್ಪಿತಸ್ಥರೆಲ್ಲರನ್ನೂ ಪದವಿಯಿಂದ ಕೆಳಗಿಳಿಸಬೇಕೆಂಬ ಬೇಡಿಕೆಯನ್ನು ಪೂರ್ಣವಾಗಿ ಒಪ್ಪಲಿಲ್ಲ. ‘ಸೊದೋಮಿಯಾ’ ಎಂಬ ಭಾವನಾಮವು ಧರ್ಮಶಾಸ್ತ್ರದ ವರ್ಗವಾಗಿ ನೆಲೆಗೊಂಡದ್ದು ಈ ಕೃತಿಯಿಂದ ಎಂದು ಮಾರ್ಕ್ ಜೋರ್ಡನ್ 1997ರ ತಮ್ಮ ಅಧ್ಯಯನದಲ್ಲಿ ವಾದಿಸಿದ್ದಾರೆ. ಡೇಮಿಯನ್ನನು ಈ ಪಾಪದ ನಾಲ್ಕು ಬಗೆಗಳನ್ನು ವಿವರಿಸುತ್ತಾನೆ, ನಾಲ್ಕೂ ಗಂಡಸರವೇ.

1179ರ ಮೂರನೆಯ ಲ್ಯಾಟೆರನ್ ಮಹಾಸಭೆಯ 11ನೆಯ ವಿಧಿಯು ನಿಸರ್ಗವಿರುದ್ಧ ಪಾಪಕ್ಕೆ ಒಳಗಾದ ಪಾದ್ರಿಗಳನ್ನು ಪದವಿಯಿಂದ ತೆಗೆಯಬೇಕು ಇಲ್ಲವೇ ಮಠದಲ್ಲಿ ಇರಿಸಬೇಕು ಎಂದೂ ಗೃಹಸ್ಥರನ್ನು ಬಹಿಷ್ಕರಿಸಬೇಕೆಂದೂ ವಿಧಿಸಿತು. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ‘ಸುಮ್ಮಾ ಥಿಯೊಲೊಜಿಯೆ’ಯ ಎರಡನೆಯ ಭಾಗದಲ್ಲಿ ನಿಸರ್ಗವಿರುದ್ಧ ಪಾಪವನ್ನು ವರ್ಗೀಕರಿಸುವಾಗ ಗಂಡು ಗಂಡಿನೊಡನೆ, ಹೆಣ್ಣು ಹೆಣ್ಣಿನೊಡನೆ ಕೂಡುವುದನ್ನು ಒಂದೇ ವರ್ಗದಲ್ಲಿ ಇರಿಸಿದನು. ಪೌಲನ ಪತ್ರವೇ ಅವನಿಗೂ ಪ್ರಮಾಣ. ಹೀಗೆ ತಾತ್ವಿಕ ನೆಲೆಯಲ್ಲಿ ಹೆಂಗಸರು ಗಂಡಸರೊಡನೆ ಸಮಾನ ಪಾಪಿಗಳಾದರು. ಸಂಹಿತೆಗಳಲ್ಲಿ ಕಿರಿದಾಗಿದ್ದ ಪಾಪವು ಸ್ಕೊಲಾಸ್ಟಿಕ್ ತರ್ಕದಲ್ಲಿ ಹಿರಿದಾಯಿತು. ಗಂಡಿನ ದೇಹವನ್ನು ಆಧರಿಸಿ ಕಟ್ಟಿದ ವರ್ಗದೊಳಗೆ ಹೆಣ್ಣನ್ನು ಸೇರಿಸಿದ್ದರಿಂದಲೇ ಈ ಸಮಾನತೆ ಸಾಧ್ಯವಾಯಿತೆಂಬುದನ್ನು ಮರೆಯುವಂತಿಲ್ಲ.

5. ಮಠದೊಳಗಿನ ಪ್ರೀತಿ: ಹಿಲ್ಡೆಗಾರ್ಡಳ ನಿದರ್ಶನ

ವಿಧಿನಿಷೇಧಗಳನ್ನಷ್ಟೇ ಓದಿದರೆ ಆ ಕಾಲದ ಭಾವಪ್ರಪಂಚ ಕೈತಪ್ಪುತ್ತದೆ. ಮಠಗಳು ಸ್ನೇಹವನ್ನು ಏಕಕಾಲಕ್ಕೆ ಪೋಷಿಸಿದವು ಮತ್ತು ಶಂಕಿಸಿದವು. ಯಾರ್ಕ್‌ಷೈರಿನ ರಿವೋ ಮಠದ ಅಧ್ಯಕ್ಷನಾಗಿದ್ದ ಏಲ್ರೆಡನು (1110–1167) ಸನ್ಯಾಸಿಗಳ ನಡುವಿನ ಸ್ನೇಹವನ್ನು ದೇವರ ಕಡೆಗೆ ಏರುವ ಮೆಟ್ಟಿಲೆಂದು ನಿರೂಪಿಸಿ ಆಧ್ಯಾತ್ಮಿಕ ಸ್ನೇಹವನ್ನು ಕುರಿತ ಸಂವಾದಗ್ರಂಥವನ್ನೇ ರಚಿಸಿದನು. ಅಗಸ್ಟೀನನು 423ರ ಸುಮಾರಿಗೆ ಸನ್ಯಾಸಿನಿಯರಿಗೆ ಬರೆದ ಪತ್ರದಲ್ಲಿ ಅವರ ಪರಸ್ಪರ ಪ್ರೀತಿ ದೈಹಿಕವಾಗಿರದೆ ಆಧ್ಯಾತ್ಮಿಕವಾಗಿರಬೇಕೆಂದು ಎಚ್ಚರಿಸಿದ್ದನು. ಆರನೆಯ ಶತಮಾನದ ಬೆನೆಡಿಕ್ಟನ ನಿಯಮವು ಪ್ರತಿಯೊಬ್ಬರಿಗೂ ಬೇರೆ ಹಾಸಿಗೆ, ಬೆಳಗಿನವರೆಗೆ ಉರಿಯುವ ದೀಪ ಇರಬೇಕೆಂದು ವಿಧಿಸಿತು. 1212ರ ಪ್ಯಾರಿಸ್ ಸಭೆ ಮತ್ತು 1214ರ ರೂಆನ್ ಸಭೆಗಳು ಸನ್ಯಾಸಿನಿಯರು ಒಟ್ಟಿಗೆ ಮಲಗುವುದನ್ನು ನಿಷೇಧಿಸಿದವು. ಯಾವ ಕಾರಣಕ್ಕೆ ಈ ದೀಪ ಎಂಬುದನ್ನು ವಿಧಿಗಳು ಬಿಡಿಸಿ ಹೇಳುವುದಿಲ್ಲ, ದೀಪವೇ ಹೇಳುತ್ತದೆ.

ಬಿಂಗೆನ್ನಿನ ಹಿಲ್ಡೆಗಾರ್ಡಳ (1098–1179) ಬದುಕಿನಲ್ಲಿ ಈ ದ್ವಂದ್ವ ಸಾಂದ್ರವಾಗಿ ಕಾಣುತ್ತದೆ. 1141ರಿಂದ 1151ರ ಅವಧಿಯಲ್ಲಿ ರಚಿತವಾದ ಅವಳ ‘ಶಿವಿಯಾಸ್’ ಕೃತಿಯು ಗಂಡಿನ ಪಾತ್ರ ವಹಿಸಿ ಹೆಣ್ಣನ್ನು ಕೂಡುವ ಹೆಣ್ಣನ್ನೂ ಅವಳಿಗೆ ಒಳಗಾಗುವವಳನ್ನೂ ಕಟುವಾಗಿ ಖಂಡಿಸುತ್ತದೆ. ಹೆಣ್ಣು ತನ್ನ ಪಾತ್ರವನ್ನು ಮೀರಿದಳೆಂಬುದು ಅಲ್ಲಿನ ಆಕ್ಷೇಪದ ತಿರುಳು. ಆ ಕೃತಿ ಮುಗಿದ ಕಾಲದಲ್ಲಿಯೇ ಅವಳ ಆಪ್ತ ಸಹಾಯಕಿ ರಿಖಾರ್ಡಿಸ್ ಬೇರೊಂದು ಮಠದ ಅಧ್ಯಕ್ಷೆಯಾಗಿ ಆಯ್ಕೆಯಾಗಿ ಹೊರಟುನಿಂತಳು. ಹಿಲ್ಡೆಗಾರ್ಡಳು ಅದನ್ನು ತಡೆಯಲು ರಿಖಾರ್ಡಿಸಳ ತಾಯಿಗೂ, ಬ್ರೆಮೆನ್ನಿನ ಮಹಾಧರ್ಮಾಧ್ಯಕ್ಷನಾಗಿದ್ದ ಸಹೋದರ ಹಾರ್ಟ್‌ವಿಗ್‌ನಿಗೂ, ಕಡೆಗೆ ಪೋಪ್ ಮೂರನೆಯ ಯುಜೀನಿಯಸನಿಗೂ ಮೊರೆಯಿಟ್ಟಳು. ಪ್ರಯತ್ನ ಫಲಿಸಲಿಲ್ಲ. 1152ರಲ್ಲಿ ರಿಖಾರ್ಡಿಸ್ ತೀರಿಕೊಂಡಳು. ಹಿಲ್ಡೆಗಾರ್ಡಳ ಜೀವನಚರಿತ್ರೆಯಲ್ಲಿ ಈ ಪ್ರೀತಿಯನ್ನು ಪೌಲನಿಗೆ ತಿಮೊಥೆಯನ ಮೇಲಿದ್ದ ಪ್ರೀತಿಗೆ ಹೋಲಿಸಲಾಗಿದೆ.

ಇಲ್ಲಿ ಹಿಲ್ಡೆಗಾರ್ಡಳು ಆತ್ಮವಂಚನೆ ಮಾಡಿಕೊಂಡಳೆಂದು ತೀರ್ಮಾನಿಸುವುದು ಸುಲಭ. ಆದರೆ ಅದು ಇಂದಿನ ವರ್ಗೀಕರಣವನ್ನು ಅಂದಿನ ಮನಸ್ಸಿನ ಮೇಲೆ ಹೇರಿದಂತಾಗುತ್ತದೆ. ಅವಳ ಕಾಲದಲ್ಲಿ ಪಾಪವೆಂಬುದು ಕೃತ್ಯ ಮತ್ತು ಪಾತ್ರಗಳಿಗೆ ಸಂಬಂಧಿಸಿದುದು. ತೀವ್ರವಾದ ಪ್ರೀತಿ, ಅಗಲಿಕೆಯ ಸಂಕಟಗಳು ಆ ಲೆಕ್ಕದ ಹೊರಗಿದ್ದವು. ಬವೇರಿಯಾದ ತೆಗೆರ್ನ್‌ಸೇ ಮಠದ ಹನ್ನೆರಡನೆಯ ಶತಮಾನದ ಹಸ್ತಪ್ರತಿಯೊಂದರಲ್ಲಿ ಹೆಣ್ಣೊಬ್ಬಳು ಹೆಣ್ಣಿಗೆ ಬರೆದ ಲ್ಯಾಟಿನ್ ಪ್ರೇಮಪತ್ರಗಳು ಉಳಿದುಬಂದಿವೆ. ಹದಿಮೂರನೆಯ ಶತಮಾನದ ಕವಯಿತ್ರಿ ಬಿಯೆರಿಸ್ ದ ರೊಮಾನ್ಸ್ ಆಕ್ಸಿಟನ್ ಭಾಷೆಯಲ್ಲಿ ಮರಿಯಾ ಎಂಬ ಹೆಣ್ಣನ್ನು ಸಂಬೋಧಿಸಿ ಪ್ರೇಮಗೀತೆ ರಚಿಸಿದ್ದಾಳೆ. ಇವು ಕಾವ್ಯಸಂಪ್ರದಾಯದ ಅನುಸರಣೆಯೋ ಅನುಭವದ ಉಕ್ತಿಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಗಂಡು ಹೆಣ್ಣಿಗೆ ಬರೆದ ಪ್ರೇಮಗೀತೆಯ ಬಗ್ಗೆ ಈ ಸಂಶಯ ಅಷ್ಟು ಸಲೀಸಾಗಿ ಏಳುವುದಿಲ್ಲ ಎಂಬುದು ಸಂಶೋಧನೆಯ ಪೂರ್ವಗ್ರಹವನ್ನೇ ಬೆರಳಿಟ್ಟು ತೋರಿಸುತ್ತದೆ.

6. ನ್ಯಾಯಾಲಯದಲ್ಲಿ ಹೆಣ್ಣು

ಮಧ್ಯಯುಗದ ಉತ್ತರಾರ್ಧದಲ್ಲಿ ಧರ್ಮಶಾಸ್ತ್ರದ ವರ್ಗಗಳು ಲೌಕಿಕ ಕಾನೂನಿಗೆ ಇಳಿದುಬಂದವು. 1260ರ ಸುಮಾರಿನ ಒರ್ಲೆಯಾನ್ ಪ್ರದೇಶದ ಫ್ರೆಂಚ್ ಕಾನೂನುಗ್ರಂಥವೊಂದು ಇಂಥ ಹೆಣ್ಣಿಗೆ ಮೊದಲೆರಡು ಬಾರಿ ಅಂಗಚ್ಛೇದವನ್ನೂ ಮೂರನೆಯ ಬಾರಿ ಸುಡುವ ಶಿಕ್ಷೆಯನ್ನೂ ವಿಧಿಸಿತು. 1405ರಲ್ಲಿ ಲೊರಾನ್ಸ್ ಎಂಬ 16 ವರ್ಷದ ವಿವಾಹಿತೆ ಸೆರೆಮನೆಯಿಂದ ಫ್ರಾನ್ಸಿನ ದೊರೆಯ ಕ್ಷಮಾದಾನ ಕೋರಿದಳು. ಝೆಆನ್ ಎಂಬ ಹೆಣ್ಣು ತನ್ನೊಡನೆ ಗಂಡಸಿನಂತೆ ನಡೆದುಕೊಂಡಳೆಂಬ ವಿವರಣೆ ಆ ಕ್ಷಮಾಪತ್ರದಲ್ಲಿದೆ. 1477ರಲ್ಲಿ ಜರ್ಮನಿಯ ಸ್ಪೈಯರ್ ನಗರದಲ್ಲಿ ಕತರೀನಾ ಹೆಟ್ಸೆಲ್‌ಡೋರ್ಫರ್ ಎಂಬವಳನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲಲಾಯಿತು. ಅವಳು ಗಂಡಸಿನಂತೆ ವರ್ತಿಸಿದಳು, ಸಾಧನವನ್ನು ಬಳಸಿದಳು ಎಂಬ ಸಾಕ್ಷ್ಯಗಳು ವಿಚಾರಣೆಯ ದಾಖಲೆಯಲ್ಲಿವೆ.

ಬಯಸಿದ ಹೆಣ್ಣಿಗಿಂತ ಗಂಡಿನ ಸ್ಥಾನವನ್ನು ಆಕ್ರಮಿಸಿದ ಹೆಣ್ಣೇ ಇಲ್ಲಿ ಅಪರಾಧಿ. ಏಳನೆಯ ಶತಮಾನದ ಸಂಹಿತೆಯಲ್ಲಿ ಲೆಕ್ಕಕ್ಕೇ ಬಾರದಿದ್ದ ಎರಡನೆಯ ಹೆಣ್ಣು ಹದಿನೈದನೆಯ ಶತಮಾನದ ನ್ಯಾಯಾಲಯದಲ್ಲಿ ‘ಗಂಡು’ ಎಂಬ ವೇಷದಲ್ಲಿ ಮಾತ್ರ ದಾಖಲಾದಳು. ದಾಖಲೆಯಲ್ಲಿ ಅವಳ ಇರವು ಮೂಡಲು ಅವಳು ತೆರಬೇಕಾದ ಬೆಲೆ ಪ್ರಾಣವೇ ಆಗಿತ್ತು.

7. ಸಂಶೋಧನೆಯ ನೆಲೆಗಳು ಮತ್ತು ಸಮಾರೋಪ

ಜಾನ್ ಬೋಸ್ವೆಲ್ 1980ರ ತಮ್ಮ ಗ್ರಂಥದಲ್ಲಿ, ಹನ್ನೆರಡನೆಯ ಶತಮಾನದ ಉತ್ತರಾರ್ಧದವರೆಗೆ ಕ್ರೈಸ್ತ ಸಮಾಜವು ಸಲಿಂಗಾನುರಾಗದ ಬಗ್ಗೆ ಸಾಕಷ್ಟು ಸಹನಶೀಲವಾಗಿತ್ತೆಂದೂ ಅಸಹನೆ ಬೆಳೆದದ್ದು ಆಮೇಲೆ ಎಂದೂ ವಾದಿಸಿದರು. ಈ ವಾದದ ಆಕರಗಳು ಬಹುಮಟ್ಟಿಗೆ ಗಂಡಸರಿಗೆ ಸಂಬಂಧಿಸಿದವು. ಬರ್ನಡೆಟ್ ಬ್ರೂಟನ್ 1996ರಲ್ಲಿ ಆರಂಭಕಾಲದ ಕ್ರೈಸ್ತರಲ್ಲಿ ಹೆಣ್ಣುಗಳ ಪ್ರೀತಿಯನ್ನು ಕುರಿತು ಅಧ್ಯಯನ ನಡೆಸಿ, ಅದರ ಖಂಡನೆಯ ಹಿಂದೆ ಹೆಣ್ಣು ಅಧೀನಳಾಗಿರಬೇಕೆಂಬ ಲಿಂಗವ್ಯವಸ್ಥೆಯಿದೆ ಎಂದು ತೋರಿಸಿದರು. ಅದೇ ವರ್ಷ ಜಾಕ್ವೆಲಿನ್ ಮರ‍್ರೇ ಈ ಹೆಂಗಸರು ಇಮ್ಮಡಿಯಾಗಿ ಅಂಚಿಗೆ ಸರಿದವರೆಂದು ಗುರುತಿಸಿದರು. ಹೆಂಗಸರ ಚರಿತ್ರೆ ಅವರನ್ನು ಬಿಟ್ಟಿತು, ಸಲಿಂಗಾನುರಾಗದ ಚರಿತ್ರೆಯೂ ಬಿಟ್ಟಿತು. ಥಿಯೊಡೋರನ 3 ವರ್ಷಗಳನ್ನು ಸಹನೆಯೆಂದು ಓದುವುದು ಈ ಬೆಳಕಿನಲ್ಲಿ ಕಷ್ಟ.

ಈ ಚರ್ಚೆ ದೂರದ ದೇಶಕಾಲಗಳದೆಂದು ಕೈಬಿಡುವಂತಿಲ್ಲ. ಹದಿಮೂರನೆಯ ಶತಮಾನದ ‘ನಿಸರ್ಗವಿರುದ್ಧ’ ಎಂಬ ಪರಿಭಾಷೆಯು ಇಂಗ್ಲೆಂಡಿನ ಕಾನೂನಿನ ಮೂಲಕ 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಿಗೆ ಬಂದು ಸೇರಿತು. ನಿಸರ್ಗದ ಕ್ರಮಕ್ಕೆ ವಿರುದ್ಧವಾದ ಸಂಭೋಗವನ್ನು ಶಿಕ್ಷಿಸುತ್ತಿದ್ದ ಆ ಕಲಮಿನ ವಿವರಣೆಯಲ್ಲಿ ಅಂಗಪ್ರವೇಶವೇ ಅಪರಾಧದ ಲಕ್ಷಣವಾಗಿತ್ತು. ಹೆಣ್ಣುಗಳ ಸಂಬಂಧ ಅಲ್ಲಿಯೂ ಹೆಸರಿಲ್ಲದೆ, ಆದರೆ ಅದರ ನೆರಳಿನಲ್ಲಿಯೇ ಉಳಿಯಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಅದರ ವ್ಯಾಪ್ತಿಯಿಂದ ಹೊರಗಿರಿಸಿತು. 2024ರ ಜುಲೈ 1ರಂದು ದಂಡಸಂಹಿತೆಯೇ ರದ್ದಾಯಿತು. ಕಾನೂನು ಹೋದರೂ ಅದು ಕಟ್ಟಿದ ಓದಿನ ಕ್ರಮ ಉಳಿಯಬಲ್ಲದು. ಪಠ್ಯವೊಂದು ಹೆಣ್ಣುಗಳ ಪ್ರೀತಿಯನ್ನು ಹೆಸರಿಸದಿದ್ದಾಗ ಅದು ಇರಲಿಲ್ಲವೆಂದಾಗಲಿ, ಅದಕ್ಕೆ ಅಡ್ಡಿಯಿರಲಿಲ್ಲವೆಂದಾಗಲಿ ಹೇಳುವ ಮುನ್ನ, ಹೆಸರಿಸುವ ಅಧಿಕಾರ ಯಾರಲ್ಲಿತ್ತು, ಅವರ ಅಳತೆಗೋಲು ಯಾವ ದೇಹವನ್ನು ಆಧರಿಸಿತ್ತು ಎಂಬುದನ್ನು ಪರಿಶೀಲಿಸುವುದು ಅಗತ್ಯ. ಮಧ್ಯಯುಗದ ಕ್ರೈಸ್ತ ಆಕರಗಳು ಸಾಹಿತ್ಯ ಸಂಶೋಧಕರ ಮುಂದಿಡುವ ಮುಖ್ಯ ಪಾಠವಿದು.